ಬೆಟ್ಟದಪುರ: ಊರು ಬಿಟ್ಟು ಉಳಿದವರ ಸೀಮೆ
ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೆ ಬರುವವರಿಗೆ ಊರಿಗಿಂತ ಮೊದಲು ಕಾಣುವುದು ಬೆಟ್ಟ. ಅದರ ನೆತ್ತಿಯಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿ. ಮೆಟ್ಟಿಲು ಹತ್ತಿ ನಿಂತರೆ ಸುತ್ತಲೂ ಹೊಗೆಸೊಪ್ಪಿನ ಸೀಮೆಯ ಹೊಲಗಳು.

ಮೈಸೂರು ಸಂಸ್ಥಾನಕ್ಕೆ 1898ರಲ್ಲಿ ಪ್ಲೇಗು ಕಾಲಿಟ್ಟಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಹಳ್ಳಿಗರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸತ್ತ ಇಲಿಯನ್ನು ಬಿಟ್ಟ ಚಿಗಟ ಮನುಷ್ಯನನ್ನು ಕಚ್ಚಿ ರೋಗ ಹರಡುತ್ತಿತ್ತು. ಹಾಗಾಗಿ ದೂರ ಹೋದವರು ಬದುಕಿದ್ದುಂಟು.

2020ರಲ್ಲಿ ಬಂದ ಕೊರೊನಾ ಉಸಿರಿನಿಂದ ಹರಡುವಂಥದು. ಆಗ ಮನೆಯಲ್ಲಿರುವುದೇ ರಕ್ಷೆಯಾಯಿತು. ಜೂನ್ 25ರಿಂದ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ರಾಜ್ಯದ ಮಕ್ಕಳು ಮುಖಗವಸು ಧರಿಸಿ, ಅಂತರ ಬಿಟ್ಟು ಕುಳಿತು ಬರೆದರು.

ರೋಗ ಬರುವ ದಾರಿ ತಿಳಿದರೆ ತಡೆಯುವ ದಾರಿಯೂ ತಿಳಿಯುತ್ತದೆ. ಜ್ವರವಿದ್ದ ದಿನ ಮಕ್ಕಳು ಮನೆಯಲ್ಲೇ ಇರಲಿ. ಬೆಟ್ಟ ಎಲ್ಲಿಗೂ ಹೋಗದು.