ನೆಲ ಬಿಡದ ಬಿಳಿ ಚಿಟ್ಟೆ

ಮಕ್ಕಳೇ, ಮಳೆ ಹೊಳವಾದಾಗ ತೀರ್ಥಹಳ್ಳಿ ಕಡೆಯ ಹಾದಿಬದಿಯ ಹುಲ್ಲನ್ನು ನೋಡಿ. ಬಿಳಿ ಕಾಗದದ ಚೂರೊಂದು ಮೊಣಕಾಲೆತ್ತರದಲ್ಲಿ ಕುಪ್ಪಳಿಸುತ್ತಾ ಹೋದರೆ ಅದೇ ಸೈಕಿ ಚಿಟ್ಟೆ. ಗ್ರೀಕರ ಮಾತಿನಲ್ಲಿ ಸೈಕಿ ಎಂದರೆ ಆತ್ಮ. ಹೆಸರಿಟ್ಟವರು ರಸಿಕರೇ ಇರಬೇಕು! ಬಿಚ್ಚಿದ ರೆಕ್ಕೆ ಸುಮಾರು 4 ಸೆಂ.ಮೀ. ಮುಂದಿನ ರೆಕ್ಕೆಗಳಲ್ಲಿ ಒಂದೊಂದು ಕಪ್ಪು ಬೊಟ್ಟು, ಅಜ್ಜಿ ಕೂಸಿಗೆ ಇಡುವ ದೃಷ್ಟಿಬೊಟ್ಟಿನ ಹಾಗೆ. ಹಾರಾಟ ನಿಧಾನ, ಮೇಲೇರುವ ಹಂಬಲವೇ ಇಲ್ಲ. ಕುಳಿತರೆ ರೆಕ್ಕೆ ಮಡಿಚುತ್ತದೆ. ಅಡಿಭಾಗದ ತಿಳಿಹಸಿರು ಗೀರುಗಳು ಹುಲ್ಲಿನೊಳಗೆ ಕರಗಿಬಿಡುತ್ತವೆ.

ನಾವು ಕಳೆಯೆಂದು ಕೀಳುವ ನಾಯಿಸಾಸಿವೆಯಂಥ ಗಿಡಗಳ ಮೇಲೆ ಇದು ಮೊಟ್ಟೆಯಿಡುತ್ತದೆ. ಹಸಿರು ಹುಳು ಆ ಎಲೆ ತಿಂದೇ ಬೆಳೆಯಬೇಕು. ಬೇಲಿಯಂಚಿಗೆ ಕಳೆನಾಶಕ ಹೊಡೆದರೆ ಅದಕ್ಕೆ ಊಟವಿಲ್ಲ. ಅಜ್ಜ ಬೇಲಿ ಸವರುವಾಗ, ಹಳದಿ ಹೂವಿನ ನಾಲ್ಕು ಗಿಡ ಬಿಡಲು ಕೇಳಿ ನೋಡಿ.