ಹಾಡುಗಾರನ ಸಂವತ್ಸರ

ಹಾಡಿ ಬದುಕುವವನ ವರ್ಷವು ಪಂಚಾಂಗದ ವರ್ಷಕ್ಕೆ ಸರಿಹೊಂದುವುದಿಲ್ಲ. ಒಕ್ಕಲಿಗನಿಗೆ ಮಳೆಯ ನಕ್ಷತ್ರಗಳು ಹೇಗೋ, ವರ್ತಕನಿಗೆ ದೀಪಾವಳಿಯ ಲೆಕ್ಕದ ಪುಸ್ತಕವು ಹೇಗೋ, ಹಾಗೆಯೇ ವೇದಿಕೆಯನ್ನು ನೆಚ್ಚಿದವನಿಗೆ ಕರೆಗಳು ಬರತೊಡಗುವ ದಿನವೇ ವರ್ಷದ ಮೊದಲು. ಕನ್ನಡನಾಡಿನಲ್ಲಿ ಆ ದಿನವು ಗಣೇಶನ ಹಬ್ಬದ ಸುಮಾರಿಗೆ ಬರುತ್ತದೆ. ಅದರ ಬೆನ್ನಿಗೆ ದಸರಾ. ನವೆಂಬರು 1ನೆಯ ತಾರೀಖಿನಿಂದ ತಿಂಗಳು ಪೂರ್ತಿ ರಾಜ್ಯೋತ್ಸವ. ಚಳಿ ಇಳಿಯುವ ಹೊತ್ತಿಗೆ ಕಾಲೇಜುಗಳ ವಾರ್ಷಿಕೋತ್ಸವ. ಯುಗಾದಿಯ ಹಿಂದುಮುಂದೆ ಊರೂರ ಜಾತ್ರೆ. ಮುಂಗಾರು ಹಿಡಿದ ಮೇಲೆ ಬಯಲಿನ ವೇದಿಕೆಗಳು ಮುಚ್ಚುತ್ತವೆ, ಧ್ವನಿಮುದ್ರಣದ ಕೊಠಡಿಗಳು ತೆರೆಯುತ್ತವೆ. ಹೊರದೇಶದಿಂದ ಕರೆ ಬರುವಷ್ಟು ಹೆಸರು ಪಡೆದವನಿಗಾದರೋ, ಇಲ್ಲಿನ ಮಳೆಗಾಲವೇ ಯೂರೋಪಿನ ಬೇಸಗೆಯ ಉತ್ಸವಗಳ ಕಾಲ.

ಇಂಥ ಸಂವತ್ಸರಗಳನ್ನು ಇಪ್ಪತ್ತಕ್ಕೂ ಮಿಗಿಲಾಗಿ ಕಂಡವರು ರಘು ದೀಕ್ಷಿತರು. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಇವರು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಶಾಸ್ತ್ರೋಕ್ತವಾಗಿ ಕಲಿತದ್ದು ಭರತನಾಟ್ಯ. ಜೀವನಕ್ಕೆ ಆಶ್ರಯಿಸಿದ್ದು, ಗುರುಮುಖವಾಗಿ ಕಲಿಯದೆ ತಾವೇ ಸಾಧಿಸಿದ ಗಿಟಾರನ್ನು. ಬಹುಕಾಲದವರೆಗೆ ಧ್ವನಿಮುದ್ರಿಕೆಯ ಕಂಪನಿಗಳು ಇವರ ಹಾಡನ್ನು ತೆಗೆದುಕೊಳ್ಳಲಿಲ್ಲ. ಕಡೆಗೆ 2008ರಲ್ಲಿ ಮುಂಬಯಿಯ ವಿಶಾಲ್–ಶೇಖರ್ ಜೋಡಿಯ ಆಸರೆಯಿಂದ ಮೊದಲನೆಯ ಸಂಪುಟವು ಹೊರಬಂದಿತು. 2010ರಲ್ಲಿ ಲಂಡನಿನ ಬಿ.ಬಿ.ಸಿ.ಯ ಪ್ರಸಿದ್ಧ ಸಂಗೀತ ಕಾರ್ಯಕ್ರಮವೊಂದರಲ್ಲಿ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನೇರಿದರು. ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯು ಹೊಸಬರಿಗೆ ಕೊಡುವ ಪುರಸ್ಕಾರವು ಇವರಿಗೆ ಸಂದಿತು. ಎರಡನೆಯ ಸಂಪುಟ ಬಂದದ್ದು 2013ರಲ್ಲಿ. ಈ ತೆರನಾದ ಗಾಯನಕ್ಕೆ ಜಾನಪದ ರಾಕ್ ಎಂಬ ಹೆಸರು ಬಿದ್ದಿದೆ. ಕಾಲಿಗೆ ಗೆಜ್ಜೆ, ಉಟ್ಟದ್ದು ಬಣ್ಣದ ಲುಂಗಿ, ಕೈಯಲ್ಲಿ ಗಿಟಾರು, ಹಿಂದೆ ಡ್ರಮ್ಮು, ಪಕ್ಕದಲ್ಲಿ ಪಿಟೀಲು. ಇಷ್ಟೆಲ್ಲದರ ನಡುವೆ ಕೇಳಿಬರುವ ಮಾತು ಮಾತ್ರ ಶಿಶುನಾಳ ಷರೀಫ ಸಾಹೇಬರದು.

ಷರೀಫರ ಹೆಸರು ಬಂದೊಡನೆ ಈ ವಿಷಯವು ದಾವಣಗೆರೆ ಹರಿಹರಗಳವರಿಗೆ ದೂರದ್ದಾಗಿ ಉಳಿಯುವುದಿಲ್ಲ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು ಸಾಗಿದರೆ ಹರಿಹರ. ಹರಿಹರದ ಸೇತುವೆಯನ್ನು ದಾಟಿದರೆ ತುಂಗಭದ್ರೆಯ ಆಚೆಯ ದಡ. ಅಲ್ಲಿಂದ ರಾಣೆಬೆನ್ನೂರು, ಹಾವೇರಿಗಳನ್ನು ಹಾದು ಮುಂದೆ ಹೋದರೆ ಶಿಗ್ಗಾಂವಿಯ ಸೀಮೆ. ಶಿಶುವಿನಹಾಳವು ಇರುವುದು ಅಲ್ಲಿಯೇ. 1956ಕ್ಕೆ ಮೊದಲು ಈ ದಡ ಮೈಸೂರಿನದು, ಆ ದಡ ಮುಂಬಯಿಯದು. ಆಡಳಿತವು ಎರಡಾಗಿದ್ದರೂ ಪದಗಳಿಗೆ ಮಾತ್ರ ಅಡ್ಡಿಯಿರಲಿಲ್ಲ. ಹತ್ತಿಯ ಗಾಡಿಗಳ ಜತೆಯಲ್ಲಿ, ಸಂತೆಗೆ ಬಂದವರ ಬಾಯಲ್ಲಿ, ಭಜನೆಯ ಮೇಳಗಳಲ್ಲಿ ತತ್ತ್ವಪದಗಳು ಹೊಳೆಯನ್ನು ದಾಟಿ ಈಚೆಯ ಊರುಗಳಲ್ಲಿ ನೆಲೆಸಿದುವು. ಆದುದರಿಂದ ಕಾಲೇಜಿನ ಮೈದಾನದಲ್ಲಿ ತರುಣರು ಗಿಟಾರಿನ ಸಂಗಡ ಷರೀಫರ ಪದವನ್ನು ಕೇಳಿ ಕುಣಿಯುವಾಗ, ಅದೇ ಪದವನ್ನು ಏಕತಾರಿ ದಮ್ಮಡಿಗಳೊಡನೆ ಕೇಳಿ ಬೆಳೆದ ಹಿರಿಯರು ಇನ್ನೂ ಮನೆಯಲ್ಲಿ ಇರುವುದು ಈ ಸೀಮೆಯ ವಿಶೇಷ. ಒಂದೇ ಮನೆಯಲ್ಲಿ ಒಂದೇ ಪದಕ್ಕೆ ಎರಡು ಕಿವಿಗಳು. ಅವೆರಡರ ನಡುವಣ ವಾದವು ಅಷ್ಟು ಬೇಗನೆ ತೀರುವಂಥದಲ್ಲ.

ಹಿರಿಯರ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತತ್ತ್ವಪದವು ಹುಟ್ಟಿದ್ದು ಮನರಂಜನೆಗಲ್ಲ. ಸೋರುವ ಮನೆಯ ಪದವು ಮಾಳಿಗೆಯನ್ನು ಕುರಿತದ್ದಲ್ಲ, ದೇಹವನ್ನೂ ಅದರೊಳಗಿನ ಅಜ್ಞಾನವನ್ನೂ ಕುರಿತದ್ದು. ಗುಡುಗುಡಿಯ ಪದವು ಹೊಗೆಸೊಪ್ಪಿನ ಸ್ತುತಿಯಲ್ಲ. ನಾಲ್ಕು ಮಂದಿ ಕೂತು, ನಿಧಾನವಾಗಿ ಒಂದೊಂದು ನುಡಿಯನ್ನೂ ಹೇಳಿ, ನಡುನಡುವೆ ಅರ್ಥವನ್ನು ಬಿಡಿಸುತ್ತ ನಡೆಯುತ್ತಿದ್ದ ಗಾಯನವು ಸಾವಿರ ಜನರ ಕೂಗಿನಲ್ಲಿ ಬೀಳುವಾಗ ಪಲ್ಲವಿಯು ಉಳಿದು ನುಡಿಗಳು ಕಳೆದುಹೋಗುವ ಭಯವು ಸುಳ್ಳಲ್ಲ. ಪದವು ಬಾಯಲ್ಲಿ ಉಳಿದು ತತ್ತ್ವವು ಜಾರಿದರೆ, ಉಳಿದದ್ದಾದರೂ ಏನು?

ಆದರೆ ವಾದ್ಯವು ಪರಕೀಯವೆಂಬ ಕಾರಣಕ್ಕೆ ಮುನಿಯುವವರು ಚರಿತ್ರೆಯನ್ನು ಸ್ವಲ್ಪ ತಿರುವಿನೋಡಬೇಕು. ಇಂದು ಭಜನೆಯ ಮನೆಗಳಲ್ಲೆಲ್ಲ ಕಾಣುವ ಹಾರ್ಮೋನಿಯಮ್ ಯೂರೋಪಿನಿಂದ ಬಂದದ್ದು. ಪಿಟೀಲನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು. ಅದಕ್ಕೆ ಏಳು ತಂತಿಗಳನ್ನು ಹೂಡಿ ಮೆರೆಸಿದವರು ಮೈಸೂರಿನ ಟಿ. ಚೌಡಯ್ಯನವರು. ದಾವಣಗೆರೆಯವರಿಗಂತೂ ಮಿಶ್ರಣದ ರುಚಿ ಹೊಸದಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿಯೂ, 2010ರಲ್ಲಿ ತೀರಿಕೊಂಡ ಅವರ ಮಗಳು ಪದ್ಮಶ್ರೀ ಚಿಂದೋಡಿ ಲೀಲಾ ಅವರೂ ಬೆಳೆದುಬಂದ ವೃತ್ತಿರಂಗಭೂಮಿಯು ಮರಾಠಿ, ಪಾರಸಿ ಮಟ್ಟುಗಳನ್ನು ಎಂದೋ ಕನ್ನಡಕ್ಕೆ ತಂದುಕೊಂಡಿತ್ತು. ಮೇಲಾಗಿ, ಷರೀಫರೇ (1819–1889) ಹೊಸತಿಗೆ ಹೆದರಿದವರಲ್ಲ. ತಮ್ಮ ಕಾಲಕ್ಕೆ ಅಪೂರ್ವವಾಗಿದ್ದ ಗಿರಣಿಯನ್ನು ಕಂಡು, ಅದರ ವಿಸ್ತಾರವನ್ನೇ ರೂಪಕವಾಗಿಸಿ ಪದ ಕಟ್ಟಿದರು. ಬಟ್ಟೆಯ ಗಿರಣಿಗಳಿಂದಲೇ ಹೆಸರಾಗಿ, ಬಳಿಕ ಅವುಗಳ ಸಿಳ್ಳು ಅಡಗಿದ್ದನ್ನೂ ಕಂಡ ದಾವಣಗೆರೆಗೆ ಆ ಪದದ ಅರ್ಥವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಂತ್ರವನ್ನು ಪದದೊಳಕ್ಕೆ ತಂದವರ ಪದವನ್ನು ಯಂತ್ರದ ಸಹಾಯದಿಂದ ಹಾಡಿದರೆ ಅಪಚಾರವಾಯಿತೆನ್ನುವುದು ಹೇಗೆ?

ಆದುದರಿಂದ ಕೇಳಬೇಕಾದದ್ದು ವಾದ್ಯವು ಎಲ್ಲಿಯದೆಂಬುದನ್ನಲ್ಲ, ಬೆಸುಗೆಯು ಎಂಥದೆಂಬುದನ್ನು. ಇದಕ್ಕೆ ಒರೆಗಲ್ಲು ಹರಿಹರದಲ್ಲಿಯೇ ಇದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೊಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ದೇಗುಲದಲ್ಲಿ ದೇವರ ಬಲಭಾಗವು ಶಿವ, ಎಡಭಾಗವು ವಿಷ್ಣು. ನಡುವೆ ಗೆರೆಯೆಳೆದು ಎರಡು ವಿಗ್ರಹಗಳನ್ನು ಅಂಟಿಸಿದ್ದಲ್ಲ. ನಿಂತ ನಿಲುವು ಒಂದು, ನೋಟ ಒಂದು. ಕೈ ಮುಗಿದವನಿಗೆ ಎಲ್ಲಿ ಹರನು ಮುಗಿದು ಎಲ್ಲಿ ಹರಿಯು ಮೊದಲಾದನೆಂಬ ಲೆಕ್ಕ ಬೇಕಾಗುವುದಿಲ್ಲ. ಮುಸಲ್ಮಾನನಾಗಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಷರೀಫರ ಬಾಳೂ ಅಂಥದೇ. ಜಾನಪದ ರಾಕ್ ಗಾಯನವನ್ನೂ ಇದೇ ಒರೆಗೆ ಹಚ್ಚಬೇಕು. ಡ್ರಮ್ಮಿನ ಬಡಿತವು ಪದದ ನಡೆಯಿಂದಲೇ ಹುಟ್ಟಿದೆಯೋ, ಪದದ ಮೇಲೆ ಹೇರಲ್ಪಟ್ಟಿದೆಯೋ? ಗಿಟಾರು ನುಡಿಗೆ ದಾರಿ ಬಿಡುವುದೋ, ನುಡಿಯನ್ನು ತುಳಿಯುವುದೋ? ದೀಕ್ಷಿತರ ಒಳ್ಳೆಯ ಹಾಡುಗಳಲ್ಲಿ ಮಾತು ಸ್ಫುಟವಾಗಿ ಕೇಳುತ್ತದೆ, ಕುಣಿತವು ಮಾತನ್ನು ಹೊತ್ತು ನಡೆಯುತ್ತದೆ. ಅನುಕರಣಕ್ಕೆ ಹೊರಟ ಎಷ್ಟೋ ತಂಡಗಳಲ್ಲಿ ಬಡಿತವು ಮಾತ್ರ ಕೇಳುತ್ತದೆ.

ಈ ದಾರಿಯನ್ನು ಮೊದಲು ಸವೆಸಿದವರು ಸಿ. ಅಶ್ವತ್ಥರೆಂಬುದನ್ನು ಮರೆಯಲಾಗದು. ಧ್ವನಿಸುರುಳಿಗಳ ಕಾಲದಲ್ಲಿ ಷರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದವರು ಅವರು. 1990ರಲ್ಲಿ ನಾಗಾಭರಣರು ಷರೀಫರನ್ನು ಕುರಿತು ತೆಗೆದ ಚಲನಚಿತ್ರಕ್ಕೂ ಅವರದೇ ಸಂಗೀತ. ಆಗಲೂ ಮಡಿವಂತರು ಗೊಣಗದೆ ಇರಲಿಲ್ಲ. ಇಂದು ಅದೇ ಧಾಟಿಯನ್ನೇ ಮೂಲವೆಂದು ತಿಳಿದು, ಗಿಟಾರಿನವರು ಅದನ್ನು ಕೆಡಿಸಿದರೆಂದು ಹೇಳುವವರೂ ಇದ್ದಾರೆ! ನಿನ್ನೆಯ ಹೊಸತು ಇಂದಿನ ಸಂಪ್ರದಾಯವಾಗುವ ಬಗೆಯು ಹೀಗೆ.

ಇನ್ನು ಹಾಡುಗಾರನ ಪಾಡನ್ನು ನೋಡೋಣ. ವೇದಿಕೆಯ ಮೇಲಿನ ಎರಡು ಗಂಟೆಗಾಗಿ ದಾರಿಯ ಮೇಲೆ ಹತ್ತು ಗಂಟೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ದಾವಣಗೆರೆಯು ತಂಡಗಳು ಇಳಿದು ಬೆಣ್ಣೆದೋಸೆ ತಿಂದು ಮುಂದೆ ಸಾಗುವ ಠಾಣೆ. ಬಂದ ಹಣವು ವಾದಕರಿಗೆ, ಧ್ವನಿವರ್ಧಕದವರಿಗೆ, ವಾಹನಕ್ಕೆ ಹಂಚಿಹೋಗುತ್ತದೆ. ಧ್ವನಿಮುದ್ರಣವು ಹಿಂದೆ ಜೀವನೋಪಾಯವಾಗಿತ್ತು. ಸುರುಳಿಯೂ ತಟ್ಟೆಯೂ ಹೋಗಿ ಅಂತರ್ಜಾಲದ ಕೇಳ್ಮೆ ಬಂದ ಮೇಲೆ ಅದು ಬಹುಮಟ್ಟಿಗೆ ಕರೆಗಳನ್ನು ತರುವ ವಿಳಾಸದ ಚೀಟಿಯಾಗಿದೆ. ಸಂದರ್ಶನಗಳಲ್ಲಾದರೋ ವರ್ಷವಿಡೀ ಅವೇ ಪ್ರಶ್ನೆಗಳು: ವಿಜ್ಞಾನವನ್ನು ಬಿಟ್ಟದ್ದೇಕೆ, ಲುಂಗಿಯನ್ನು ಉಟ್ಟದ್ದೇಕೆ, ಜಾನಪದ ರಾಕ್ ಎಂದರೇನು. ಪದದ ಅರ್ಥವನ್ನು ಕೇಳುವವರು ಅಪರೂಪ. ಜನರು ಬಯಸುವ ಹಾಡು ಇಪ್ಪತ್ತು ವರ್ಷದ ಹಿಂದಿನದೇ. ಕೊರಳಿಗೆ ಮಾತ್ರ ಇಪ್ಪತ್ತು ವರ್ಷ ಹೆಚ್ಚಾಗಿದೆ. ನೂರಾರು ಸಲ ಹಾಡಿದ್ದನ್ನು ಇಂದು ಮೊದಲ ಸಲವೆಂಬಂತೆ ಹಾಡುವುದೇ ಈ ವೃತ್ತಿಯ ಕಠಿಣವಾದ ತಪಸ್ಸು.

2020ರ ಮಾರ್ಚಿಯಲ್ಲಿ ಮಹಾಮಾರಿಯು ನಾಡನ್ನೆಲ್ಲ ಬಾಗಿಲು ಹಾಕಿಸಿದಾಗ ಈ ಸಂವತ್ಸರವೇ ನಿಂತುಹೋಯಿತು. ರಾಜ್ಯೋತ್ಸವದ ಗದ್ದಲವಿಲ್ಲ, ಜಾತ್ರೆಯಿಲ್ಲ, ಕಾಲೇಜಿಲ್ಲ. ಹೆಸರುಳ್ಳವರು ಮನೆಯಿಂದಲೇ ಹಾಡಿ ಕೇಳುಗರನ್ನು ಹೇಗೋ ಉಳಿಸಿಕೊಂಡರು. ಹೊಳೆಯ ಎರಡೂ ದಡಗಳ ಹಳ್ಳಿಗಳಲ್ಲಿ ಏಕತಾರಿ ಹಿಡಿದು ಹಾಡುವವರಿಗೆ ಆ ದಾರಿಯೂ ಇರಲಿಲ್ಲ. ಹೆಸರಾದ ಗಾಯಕನಿಗೂ ಹೆಸರಿಲ್ಲದ ಗಾಯಕನಿಗೂ ಪದವು ಒಂದೇ, ಫಲವು ಬೇರೆ ಎಂಬ ಸಂಗತಿಯು ಆಗ ಎದ್ದುಕಂಡಿತು.

ವಾಚಕರು ಯೋಚಿಸಬೇಕಾದ ಸ್ಥಳವು ಇದು. ಷರೀಫರ ಪದವು ಗ್ಲಾಸ್ಟನ್‌ಬರಿಯವರೆಗೆ ಹೋಯಿತೆಂದು ಹಿಗ್ಗುವುದು ಉಚಿತವೇ ಸರಿ. ಆದರೆ ಆ ಪದವನ್ನು ಬರಹವಿಲ್ಲದೆ, ಸಂಭಾವನೆಯಿಲ್ಲದೆ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬಾಯಿಂದ ಬಾಯಿಗೆ ದಾಟಿಸಿದವರು ಅಮಾವಾಸ್ಯೆಯ ರಾತ್ರಿಯ ಭಜನೆಯವರು. ದಾವಣಗೆರೆಯ ಕಾಲೇಜು ತನ್ನ ಉತ್ಸವಕ್ಕೆ ಬೆಂಗಳೂರಿನ ತಂಡವನ್ನು ಕರೆಸುವಾಗ, ಅದೇ ವೇದಿಕೆಯಲ್ಲಿ ಹರಿಹರದ ಸುತ್ತಣ ಒಂದು ಭಜನಾಮೇಳಕ್ಕೆ ಅರ್ಧ ಗಂಟೆಯನ್ನೂ ತಕ್ಕ ಸಂಭಾವನೆಯನ್ನೂ ಕೊಟ್ಟರೆ ಖರ್ಚು ಹೆಚ್ಚೇನೂ ಬೀಳದು. ತರುಣರು ಬಡಿತವನ್ನು ಕೇಳುವ ಮುನ್ನ ನುಡಿಯನ್ನು ಕೇಳುವರು; ಹಿರಿಯರೂ ಮನೆ ಬಿಟ್ಟು ಮೈದಾನಕ್ಕೆ ಬರುವರು. ಗಿಟಾರಿನ ಹಾಡುಗಾರನಿಗೂ ತಾನು ಯಾರ ಸಾಲವನ್ನು ಹೊತ್ತು ನಡೆಯುತ್ತಿರುವೆನೆಂಬುದು ಎದುರಿಗೇ ಕಾಣುವುದು. ಮುಂದಿನ ರಾಜ್ಯೋತ್ಸವದ ಕರೆಗಳನ್ನು ಬರೆಯುವವರು ಇದನ್ನು ಮನಸ್ಸಿನಲ್ಲಿಡಲಿ.