ಅಲ್ಲಿ ತಮಾಷೆ, ಇಲ್ಲಿ ಗಾಯ: ಒಂದು ಇಂಗ್ಲಿಷ್ ಪದದ ಕಥೆ

ನಮ್ಮ ಹಾವೇರಿ ಕಡೆ ಗೆಳೆಯ ಬಹಳ ದಿನದ ಮೇಲೆ ಸಿಕ್ಕರೆ "ಏನ್ಲೇ ಮಗನ, ಎಲ್ಲಿ ಹಾಳಾಗಿ ಹೋಗಿದ್ದಿ?" ಅನ್ನುತ್ತೇವೆ. ಅದು ಪ್ರೀತಿಯ ಮಾತು. ಅದೇ ಸಲಿಗೆಯಲ್ಲಿ ಮೈಸೂರಿನ ಗೆಳೆಯನಿಗೆ "ಲೇ" ಅಂದರೆ ಅವನ ಮುಖ ಸಣ್ಣದಾಗುತ್ತದೆ. ಕನ್ನಡ ಒಂದೇ, ಆದರೆ ಕೇಳುವ ಕಿವಿ ಬೇರೆ.

ಇಂಗ್ಲಿಷಿನ ಪಾಡೂ ಇದೇ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೂರೂ ಕಡೆ ಅದನ್ನೇ ಮಾತಾಡುತ್ತಾರೆ. ಆದರೆ ಒಂದು ದೇಶದ ಹರಟೆ ಮಾತು ಇನ್ನೊಂದು ದೇಶದಲ್ಲಿ ಬೈಗುಳ.

ಸಣ್ಣ ಉದಾಹರಣೆಯಿಂದ ಶುರು ಮಾಡೋಣ. "ಪ್ಯಾಂಟ್ಸ್" ಅಂದರೆ ಅಮೆರಿಕದವರಿಗೆ ನಾವು ಹಾಕುವ ಪ್ಯಾಂಟು. ಬ್ರಿಟನ್ನಿನಲ್ಲಿ ಅದು ಒಳಚಡ್ಡಿ. ಸೊಂಟಕ್ಕೆ ಕಟ್ಟುವ ಚಿಕ್ಕ ಚೀಲಕ್ಕೆ ಅಮೆರಿಕದಲ್ಲಿ "ಫ್ಯಾನಿ ಪ್ಯಾಕ್" ಎಂದು ಹೆಸರು. ಅಲ್ಲಿ ಫ್ಯಾನಿ ಅಂದರೆ ಕುಂಡಿ, ಮಕ್ಕಳ ಮುಂದೆಯೂ ಹೇಳಬಹುದು. ಬ್ರಿಟನ್ನಿನಲ್ಲಿ ಅದು ಹೆಣ್ಣಿನ ಗುಪ್ತಾಂಗಕ್ಕೆ ಹೇಳುವ ಒರಟು ಮಾತು. ಹಾಗಾಗಿ ಅದೇ ಚೀಲ ಅಲ್ಲಿ "ಬಮ್ ಬ್ಯಾಗ್" ಆಗಿದೆ.

"ಬ್ಲಡಿ" ನಮಗೆಲ್ಲ ಸಿನಿಮಾದಿಂದ ಗೊತ್ತು. 2006ರಲ್ಲಿ ಆಸ್ಟ್ರೇಲಿಯಾದ ಪ್ರವಾಸೋದ್ಯಮ ಸಂಸ್ಥೆ ಜಾಹೀರಾತೊಂದನ್ನು ಮಾಡಿತು. ಎಲ್ಲ ಸಿದ್ಧವಾಗಿದೆ, ನೀವಿನ್ನೂ ಎಲ್ಲಿದ್ದೀರಿ ಎಂದು ಕೊನೆಯಲ್ಲಿ ಆ ಪದ ಸೇರಿಸಿ ಕೇಳುತ್ತಾರೆ. ಆಸ್ಟ್ರೇಲಿಯಾದವರಿಗೆ ಅದು ಮನೆಗೆ ಕರೆಯುವ ಸಲಿಗೆ. ಬ್ರಿಟನ್ನಿನಲ್ಲಿ ಟಿವಿ ಜಾಹೀರಾತುಗಳನ್ನು ಪರಿಶೀಲಿಸುವವರು ಇದನ್ನು ಹಾಕಬೇಡಿ ಎಂದರು. ಆಸ್ಟ್ರೇಲಿಯಾದ ಪ್ರವಾಸೋದ್ಯಮ ಸಚಿವೆಯೇ ಲಂಡನ್ನಿಗೆ ಹೋಗಿ ಮಾತಾಡಿದರು. ಕೊನೆಗೆ ಪ್ರಸಾರಕ್ಕೆ ಅವಕಾಶ ಸಿಕ್ಕಿತು. ಇಷ್ಟು ರಗಳೆ ಒಂದೇ ಪದಕ್ಕೆ.

ಇವೆಲ್ಲ ನಕ್ಕು ಮರೆಯುವಂಥವು. ನಾವು ಹೇಳಬೇಕೆಂದಿರುವ ಪದ ಹಾಗಲ್ಲ.

ಡಾಕ್ಟರ ಚೀಟಿಯಲ್ಲಿದ್ದ ಪದ

ಆ ಪದ "ಸ್ಪಾಸ್ಟಿಕ್". ಇದು ವೈದ್ಯರ ಪದ. ಸ್ನಾಯು ಸೆಳೆದುಕೊಂಡು ಬಿಗಿಯಾಗುವುದಕ್ಕೆ ಹೀಗನ್ನುತ್ತಾರೆ. ಹುಟ್ಟುವ ಮುಂಚೆ, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲೇ ಮಗುವಿನ ಮಿದುಳಿಗೆ ಪೆಟ್ಟಾದರೆ ಸೆರೆಬ್ರಲ್ ಪಾಲ್ಸಿ ಬರಬಹುದು. ಕೆಲವರ ಕೈಕಾಲು ಬಿಗಿಯಾಗಿ ಎಳೆದುಕೊಳ್ಳುತ್ತವೆ, ಕೆಲವರ ಮಾತು ತೊದಲುತ್ತದೆ. ಬುದ್ಧಿ ಕಡಿಮೆ ಇರಲೇಬೇಕೆಂದಿಲ್ಲ. ಎಷ್ಟೋ ಜನರಿಗೆ ಎಲ್ಲವೂ ಅರ್ಥವಾಗುತ್ತದೆ, ಹೇಳಲು ನಾಲಿಗೆ ತಿರುಗುವುದಿಲ್ಲ ಅಷ್ಟೆ.

ಬ್ರಿಟನ್ನಿನಲ್ಲಿ ಇಂಥ ಮಕ್ಕಳ ತಂದೆತಾಯಂದಿರು ಮುಂದಾಗಿ 1952ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಅದು ಸ್ಪಾಸ್ಟಿಕ್ಸ್ ಸೊಸೈಟಿ ಎಂದೇ ಹೆಸರಾಯಿತು. ಆಗ ಅದು ಗೌರವದ ಹೆಸರು.

ಆಮೇಲೆ ಆ ಪದ ಶಾಲೆಯ ಮೈದಾನಕ್ಕೆ ಇಳಿಯಿತು. ಚೆಂಡು ಹಿಡಿಯಲಾಗದ ಹುಡುಗನಿಗೆ "ಸ್ಪಾಸ್ಟಿಕ್" ಎಂದು ಕೂಗುವುದು ಶುರುವಾಯಿತು. ಮೊಟಕು ಮಾಡಿ "ಸ್ಪ್ಯಾಝ್" ಅಂದರು. 1994ರಲ್ಲಿ ಸಂಸ್ಥೆಯೇ ತನ್ನ ಹೆಸರು ಬಿಟ್ಟು "ಸ್ಕೋಪ್" ಎಂದು ಬದಲಿಸಿಕೊಂಡಿತು.

ಅಲ್ಲಿ ಇದು ಎಷ್ಟು ನೋವಿನ ಪದ ಎಂದು ತಿಳಿಯಲು ಜೋಯಿ ಡೀಕನ್ ಎಂಬುವರ ಕಥೆ ಗೊತ್ತಿರಬೇಕು. ಅವರಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಬದುಕಿನ ಬಹುಭಾಗ ಕಳೆದದ್ದು ಆಸ್ಪತ್ರೆಯಲ್ಲಿ. ಅವರ ಮಾತು ಅಲ್ಲಿದ್ದ ಗೆಳೆಯ ಎರ್ನಿ ರಾಬರ್ಟ್ಸ್ ಅವರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಜೋಯಿ ಹೇಳುವರು, ಎರ್ನಿ ಬಿಡಿಸಿ ಹೇಳುವರು, ಮೂರನೆಯ ಗೆಳೆಯ ಬರೆದುಕೊಳ್ಳುವರು, ನಾಲ್ಕನೆಯವರು ಟೈಪ್ ಮಾಡುವರು. ಹೀಗೆ ನಾಲ್ಕು ಜನ ಸೇರಿ ಬರೆದ ಜೋಯಿಯ ಆತ್ಮಕಥೆ 1974ರಲ್ಲಿ ಪುಸ್ತಕವಾಗಿ ಬಂತು.

1981 ಅಂಗವಿಕಲರ ಅಂತರರಾಷ್ಟ್ರೀಯ ವರ್ಷ. ಬಿಬಿಸಿಯ "ಬ್ಲೂ ಪೀಟರ್" ಎಂಬ ಮಕ್ಕಳ ಕಾರ್ಯಕ್ರಮ ಜೋಯಿಯನ್ನು ತೋರಿಸಿತು. ಮಕ್ಕಳಿಗೆ ತಿಳಿವಳಿಕೆ ಬರಲಿ ಎಂಬ ಒಳ್ಳೆಯ ಉದ್ದೇಶ. ಆದರೆ ಮರುದಿನದಿಂದ ಮೈದಾನದಲ್ಲಿ "ಜೋಯಿ" ಎಂಬ ಹೆಸರೇ ಬೈಗುಳವಾಯಿತು. ನಾಲಿಗೆ ಹೊರಚಾಚಿ, ಕೈ ತಿರುಚಿ ಅಣಕಿಸುವುದು ಆಟವಾಯಿತು. ಜೋಯಿ ಅದೇ ವರ್ಷದ ಕೊನೆಗೆ ತೀರಿಕೊಂಡರು. ಆ ಅಣಕ ಮಾತ್ರ ವರ್ಷಗಟ್ಟಲೆ ಉಳಿಯಿತು.

ಅದೇ 1981ರಲ್ಲಿ ಇಯನ್ ಡ್ಯೂರಿ ಎಂಬ ಗಾಯಕ ಅದೇ ಪದ ಹಿಡಿದು ಒಂದು ಹಾಡು ಮಾಡಿದರು. ಅವರಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತು. ವರ್ಷಕ್ಕೊಂದು ಹೆಸರಿಟ್ಟು ನಮ್ಮ ಮೇಲೆ ಕನಿಕರ ತೋರಿಸಬೇಡಿ ಎಂಬ ಸಿಟ್ಟಿನ ಹಾಡು ಅದು. ಬಿಬಿಸಿ ಅದರ ಪ್ರಸಾರಕ್ಕೆ ಅಡ್ಡಿ ಹಾಕಿತು. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಲ್ಲಿ ಅದೇ ಹಾಡನ್ನು ಸಾವಿರಾರು ಜನರ ಮುಂದೆ ಹಾಡಿದರು. ಮೈದಾನದ ಹುಡುಗರ ಬಾಯಲ್ಲಿ ಕಲ್ಲಾಗಿದ್ದ ಪದ, ಅದನ್ನು ತಿಂದವರ ಬಾಯಲ್ಲಿ ಸವಾಲಾಯಿತು.

ಅಮೆರಿಕದಲ್ಲಿ ಯಾರಿಗೂ ಕೇಳಿಸದ ಬೈಗುಳ

ಇದೇ ಪದ ಅಮೆರಿಕದಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ "ಸ್ಪ್ಯಾಝ್" ಅಂದರೆ ತಡಬಡಾಯಿಸುವವನು, ಕೈಯಲ್ಲಿದ್ದದ್ದನ್ನು ಬೀಳಿಸುವ ಪೆದ್ದ. 1979ರ "ಮೀಟ್‌ಬಾಲ್ಸ್" ಎಂಬ ಹಾಸ್ಯ ಸಿನಿಮಾದಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗನಿಗೆ ಆ ಅಡ್ಡಹೆಸರೇ ಇದೆ. ಕಪ್ಪು ಸಮುದಾಯದ ಆಡುಮಾತಿನಲ್ಲಿ ಮೈಮರೆತು ಕುಣಿಯುವುದಕ್ಕೂ ಸಿಟ್ಟಿಗೇಳುವುದಕ್ಕೂ ಅದೇ ಪದ. ಗಾಲಿಕುರ್ಚಿಯ ಮಗು ಹೆಚ್ಚಿನವರ ನೆನಪಿನಲ್ಲೇ ಇಲ್ಲ.

ಮೂಲ ಮರೆತ ಬೈಗುಳ ನಮ್ಮಲ್ಲೂ ಇವೆ. "ಬೋಳಿಮಗ" ಎಂದು ದಿನಕ್ಕೆ ಹತ್ತು ಸಲ ಅನ್ನುವ ಹುಡುಗರಿದ್ದಾರೆ. ಗಂಡ ಸತ್ತ ಹೆಣ್ಣಿನ ತಲೆ ಬೋಳಿಸುತ್ತಿದ್ದ ಕಾಲದ ಪದ ಅದು ಎಂಬುದು ಅನ್ನುವವನ ತಲೆಯಲ್ಲಿ ಇರುವುದಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ತಾಯಿಯ ಮಗನಿಗೆ ಅದು ಹೇಗೆ ಕೇಳಿಸುತ್ತದೆ ಎಂದು ಅವನನ್ನೇ ಕೇಳಬೇಕು.

2006ರ ಏಪ್ರಿಲ್‌ನಲ್ಲಿ ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಅಮೆರಿಕದ ಮಾಸ್ಟರ್ಸ್ ಪಂದ್ಯದಲ್ಲಿ ಸೋತರು. ಕೊನೆಯ ಹೊಡೆತಗಳಲ್ಲಿ ಕೈ ಸರಿ ಬರಲಿಲ್ಲ ಎಂದು ಟಿವಿಗೆ ಹೇಳುವಾಗ ತಮಗೆ ತಾವೇ "ಸ್ಪ್ಯಾಝ್" ಅಂದುಕೊಂಡರು. ಅಮೆರಿಕದಲ್ಲಿ ಅದು ಸುದ್ದಿಯೇ ಆಗಲಿಲ್ಲ. ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವಾಯಿತು. ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ ಎಂದು ಅವರ ಕಡೆಯಿಂದ ಕ್ಷಮೆ ಬಂತು.

ಹದಿನಾರು ವರ್ಷ ಕಳೆದು 2022ರ ಜೂನ್‌ನಲ್ಲಿ ಅಮೆರಿಕದ ಗಾಯಕಿ ಲಿಝೊ ಹೊಸ ಹಾಡು ಬಿಟ್ಟರು. ಅದರಲ್ಲಿ ಈ ಪದ ಇತ್ತು. ಆಸ್ಟ್ರೇಲಿಯಾದ ಲೇಖಕಿ ಹ್ಯಾನಾ ಡಿವೈನಿ ಟ್ವಿಟರ್‌ನಲ್ಲಿ ನೇರವಾಗಿ ಬರೆದರು. ಅವರಿಗೂ ಸೆರೆಬ್ರಲ್ ಪಾಲ್ಸಿ ಇದೆ. ಕಾಯಿಲೆಯ ಹೆಸರಲ್ಲೇ ಈ ಪದ ಇದೆ, ಇದರ ಅರ್ಥ ನನ್ನ ಕಾಲಿನಲ್ಲಿ ಬಿಡದೆ ಇರುವ ನೋವಿನ ಬಿಗಿತ ಎಂದರು. ಕೆಲವೇ ದಿನಗಳಲ್ಲಿ ಲಿಝೊ ಪದ ಬದಲಿಸಿ ಹಾಡನ್ನು ಮತ್ತೆ ಬಿಟ್ಟರು. ನನಗೂ ಜನ ಬಹಳ ಪದ ಎಸೆದಿದ್ದಾರೆ, ಅದರ ಪೆಟ್ಟು ನನಗೆ ಗೊತ್ತು ಎಂಬ ಅರ್ಥದಲ್ಲಿ ಹೇಳಿಕೆ ಕೊಟ್ಟರು. ಎರಡು ತಿಂಗಳೊಳಗೆ ಬಿಯಾನ್ಸೆಯ ಹಾಡಿನಲ್ಲೂ ಅದೇ ಪದ ಬಂತು. ಅದನ್ನೂ ತೆಗೆದರು.

ನಮ್ಮೂರಲ್ಲಾದರೆ "ನಮ್ಮ ಕಡೆ ಹಂಗ ಅಂತಾರ, ನಿಮಗ ಯಾಕ ಸಿಟ್ಟು?" ಎಂದು ವಾದ ಮಾಡಿ ಮುಗಿಸುತ್ತೇವೆ. ಅವರು ಆ ವಾದಕ್ಕೆ ಹೋಗಲಿಲ್ಲ. ನೋವಾದವರ ಮಾತು ಕೇಳಿ, ಹಾಡಿನ ಒಂದು ಪದ ಬಿಟ್ಟರು.

ನಮ್ಮ ಬೆಂಗಳೂರಿನ ಬೋರ್ಡು

ಈಗ ನಮ್ಮ ಕಡೆ ಬನ್ನಿ. ಬೆಂಗಳೂರಿನ ಇಂದಿರಾನಗರದಲ್ಲಿ "ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ" ಇದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಚಿಕಿತ್ಸೆ, ಶಾಲೆ, ತರಬೇತಿಗೆ ದೊಡ್ಡ ಹೆಸರು. ಜಿಲ್ಲೆಗಳಿಂದ ಮಗುವನ್ನು ಹೊತ್ತುಕೊಂಡು ಅಲ್ಲಿಗೆ ಹೋಗುವ ತಾಯಂದಿರಿಗೆ ಆ ಹೆಸರು ಭರವಸೆ. ಲಂಡನ್ನಿನ ಒಬ್ಬರು ಆ ಬೋರ್ಡು ನೋಡಿದರೆ ಬೆಚ್ಚಿ ಬಿದ್ದಾರು. ಮುಂಬೈನಲ್ಲಿ 1972ರಲ್ಲಿ ಮಿಥು ಅಲೂರ್ ತಮ್ಮ ಮಗಳಂಥ ಮಕ್ಕಳಿಗಾಗಿ ಕಟ್ಟಿದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಮಾತ್ರ ಈಗ "ಅಡಾಪ್ಟ್" ಎಂದು ಹೆಸರು ಬದಲಿಸಿಕೊಂಡಿದೆ.

ಭಾರತದಲ್ಲೂ ಗಾಳಿ ತಿರುಗುತ್ತಿದೆ. 2024ರ ಜುಲೈನಲ್ಲಿ ಸಿನಿಮಾವೊಂದರ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. "ಕ್ರಿಪಲ್", "ಸ್ಪಾಸ್ಟಿಕ್" ಎಂಬಂಥ ಪದಗಳು ಜನರ ಕಣ್ಣಲ್ಲಿ ಬೆಲೆ ಕಳೆದುಕೊಂಡಿವೆ, ಅವು ತಾರತಮ್ಯ ಬೆಳೆಸುತ್ತವೆ ಎಂಬುದು ಅದರ ಸಾರ. ನಮ್ಮ ಸರ್ಕಾರದ ಕಾಗದದಲ್ಲೂ ಅಂಗವಿಕಲ ಹೋಗಿ ವಿಕಲಚೇತನ ಬಂತು, ಕೇಂದ್ರದವರು ದಿವ್ಯಾಂಗ ಅಂದರು. ಪದ ಬದಲಾದರೆ ಸಾಕೇ ಎಂಬುದು ಬೇರೆ ಪ್ರಶ್ನೆ. ಸುದ್ದಿ ಬರೆಯುವ ನಮಗೆ ಇದು ದಿನದ ಪ್ರಶ್ನೆ.

ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಯುವಕನ ಮಾಸಾಶನ ನಿಂತಿತ್ತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಎಂಬ ಕಾರಣ. ನಾವು ಹೋಗಿ ಮಾತಾಡಿಸಿದೆವು. ಅವನ ಮಾತು ನಮಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕೂತ ತಂಗಿ ಬಿಡಿಸಿ ಹೇಳಿದಳು. ಖಾತೆ, ತಾರೀಕು, ನಾಡಕಚೇರಿಗೆ ಎಷ್ಟು ಸಲ ಹೋಗಿ ಬಂದರು, ಎಲ್ಲ ಲೆಕ್ಕ ಅವನ ತಲೆಯಲ್ಲೇ ಇತ್ತು. ಹೆಸರು, ಹಳ್ಳಿ, ಕಾರಣ, ಬಾಕಿ ತಿಂಗಳು ಎಲ್ಲ ಬರೆದು ಕಳಿಸಿದೆವು. ಪತ್ರಿಕೆಯ ಡೆಸ್ಕಿನವರು ಅದಕ್ಕೆ ಇಟ್ಟ ತಲೆಬರಹ: "ಅಂಗವಿಕಲ ಯುವಕನ ಗೋಳು ಕೇಳುವವರಿಲ್ಲ".

"ಅಂಗವಿಕಲ" ಎಂಬ ಪದಕ್ಕೆ ಅವನು ಬೇಸರ ಮಾಡಿಕೊಂಡಿರಬಹುದು ಎಂದು ಯಾರಾದರೂ ಊಹಿಸುತ್ತಾರೆ. ಅವನು ತಂಗಿಯ ಫೋನಿನಿಂದ ಹೇಳಿಸಿದ್ದು ಬೇರೆ:

"ಗೋಳು ಅಂತ ಯಾಕ ಹಾಕ್ಯಾರ್ರೀ? ನಾ ಏನ್ ಅತ್ತೇನೇನು? ನನ್ನ ರೊಕ್ಕ ಕೇಳೇನಿ, ಅಷ್ಟ."

ಯಾವ ಶಬ್ದಕೋಶವೂ "ಗೋಳು" ಬೈಗುಳ ಎಂದು ಬರೆದಿಲ್ಲ. ಕೋರ್ಟಿನ ತೀರ್ಪಿನಲ್ಲೂ ಆ ಪದ ಇಲ್ಲ. ಆದರೆ ಅವನಿಗೆ ಚುಚ್ಚಿದ್ದು ಅದೇ. ಹಕ್ಕು ಕೇಳಿದವನನ್ನು ಬೇಡುವವನ ಸಾಲಿಗೆ ನಿಲ್ಲಿಸಿದ ಪದ ಅದು. ಡ್ಯೂರಿಯ ಸಿಟ್ಟು ಇದರ ಮೇಲೆಯೇ ಇತ್ತು.

ನೋವು ಎಲ್ಲಿದೆ ಎಂದು ಪದ ನೋಡಿದರೆ ತಿಳಿಯುವುದಿಲ್ಲ. ಆ ಪದದಿಂದ ಯಾರಿಗೆ ಏಟು ಬಿದ್ದಿದೆಯೋ ಅವರನ್ನು ಕೇಳಬೇಕು. ಅಮೆರಿಕದ ಗಾಯಕಿಗೆ ಆಸ್ಟ್ರೇಲಿಯಾದ ಹೆಣ್ಣುಮಗಳು ಹೇಳಬೇಕಾಯಿತು. ನಮ್ಮ ಡೆಸ್ಕಿಗೆ ಹಳ್ಳಿಯ ಹುಡುಗ ಹೇಳಬೇಕಾಯಿತು.

ಓದುಗರಿಗೆ ಗೊತ್ತಿರಲಿ ಎಂದು ಎರಡು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಮಿನ ಪ್ರಕಾರ, ವಿಕಲಚೇತನರನ್ನು ಜನರ ಎದುರು ಬೇಕೆಂದೇ ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಟ್ಟೆಯ ಮೇಲೆ ಕೂತು ಅಡ್ಡಹೆಸರು ಕೂಗುವವರು ಇದನ್ನು ನೆನಪಿಡಬೇಕು. ಮಾಸಾಶನ, ಯುಡಿಐಡಿ ಕಾರ್ಡಿನ ತೊಂದರೆ ಇದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ನಮ್ಮ ಜಿಲ್ಲೆಯ ವರದಿಗಾರರ ವಾಟ್ಸಾಪ್ ಗುಂಪಿನಲ್ಲಿ ಈಗ ಒಂದು ರೂಢಿ ಬಂದಿದೆ. ಇಂಥ ಸುದ್ದಿ ಕಳಿಸುವಾಗ ತಲೆಬರಹವನ್ನೂ ನಾವೇ ಬರೆದು, ಸುದ್ದಿಯಲ್ಲಿರುವವರಿಗೆ ಓದಿ ಹೇಳಿ, ಆಮೇಲೆ ಡೆಸ್ಕಿಗೆ ಹಾಕುತ್ತೇವೆ. ಡೆಸ್ಕಿನವರು ಕೆಲವು ಸಲ ಒಪ್ಪುತ್ತಾರೆ, ಕೆಲವು ಸಲ ಇಲ್ಲ.

ಆ ಯುವಕನ ಬಾಕಿ ಹಣ ಮುಂದೆ ಖಾತೆಗೆ ಬಂತು. ಆ ಸುದ್ದಿಯ ತಲೆಬರಹ ಅವನೇ ಹೇಳಿ ಬರೆಸಿದ: "ನಿಂತಿದ್ದ ಮಾಸಾಶನ ಜಮಾ". ಅದು ಹಾಗೇ ಅಚ್ಚಾಯಿತು.